ಆರನೇ ಪ್ರಶ್ನೆಯ ಕನ್ನಡ

ಚಾಮರಾಜನಗರದ ಆ ನರ್ಸಿಂಗ್ ಕಾಲೇಜಿನಲ್ಲಿ ಮಹಾಲಕ್ಷ್ಮಮ್ಮ ಮ್ಯಾಡಮ್ ಬಾಯಿ ಬಿಟ್ಟು ನಕ್ಕಿದ್ದನ್ನು ಕಂಡವರಿರಲಿಲ್ಲ. ಹುಡುಗಿಯರು ಅದಕ್ಕೆ ತಲೆಗೊಂದು ಕಾರಣ ಹೇಳಿಕೊಳ್ಳುತ್ತಿದ್ದರು. ಗಂಡ ಸತ್ತ ದುಃಖ ಎಂದರು ಕೆಲವರು, ಪ್ರಿನ್ಸಿಪಾಲ್ ಕುರ್ಚಿ ಕೈತಪ್ಪಿದ ಉರಿ ಎಂದರು ಕೆಲವರು, ಹುಟ್ಟಾ ಸಿಡುಕಿ ಎಂದರು ಮಿಕ್ಕವರು. ಎಲ್ಲ ಸುಳ್ಳು. ನಕ್ಕರೆ ಅವರಿಗೆ ಉಚ್ಚೆ ಸೋರುತ್ತಿತ್ತು. ಮೂತ್ರ ಎಂದು ಬರೆದಿದ್ದರೆ ಮರ್ಯಾದೆಯಾಗಿರುತ್ತಿತ್ತು, ನಿಜ. ಆದರೆ ಈ ಕತೆಯ ಜಗಳವೆಲ್ಲ ಆ ಒಂದು ಪದದ್ದೇ ಆದ್ದರಿಂದ, ಯಾವ ಕಡೆ ನಿಂತು ಹೇಳುತ್ತಿದ್ದೇವೆಂದು ಮೊದಲೇ ಗೊತ್ತಾಗಿಬಿಡುವುದು ಒಳ್ಳೆಯದು.

ಮಗ ಹುಟ್ಟಿದಾಗ ಹತ್ತಿಕೊಂಡ ಕಾಟ ಅದು. ಇಕ್ಕಳ ಹಾಕಿ ಎಳೆದ ಹೆರಿಗೆ, ಮೈ ಆರುವ ಮೊದಲೇ ಮತ್ತೆ ಡ್ಯೂಟಿ. ಆಗಿನಿಂದ ಸೀನು ಬಂದರೆ ಮೂಗು ಹಿಡಿಯುವ ಬದಲು ತೊಡೆ ಬಿಗಿ ಹಿಡಿಯುತ್ತಿದ್ದರು. ಮದುವೆ ಮನೆಯಲ್ಲಿ ಬಚ್ಚಲಿಗೆ ಹತ್ತಿರದ ಕುರ್ಚಿ ನೋಡಿ ಕೂರುತ್ತಿದ್ದರು. ತಿಳಿಬಣ್ಣದ ಸೀರೆಗಳನ್ನೆಲ್ಲ ತಂಗಿಯರಿಗೆ ಕೊಟ್ಟುಬಿಟ್ಟಿದ್ದರು, ಅದನ್ನು ತಂಗಿಯರು ಅಕ್ಕನ ದೊಡ್ಡ ಗುಣ ಎಂದುಕೊಂಡಿದ್ದರು. ಹಾಸ್ಯವೇನೆಂದರೆ, ಮ್ಯಾಡಮ್ ಹೆರಿಗೆ ಶುಶ್ರೂಷೆ ವಿಭಾಗದ ಮುಖ್ಯಸ್ಥೆ. ಸೊಂಟದ ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿದು ಸಡಿಲ ಬಿಡುವ ವ್ಯಾಯಾಮವನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದವರು. ತಾವು ಮಾತ್ರ ಒಂದು ದಿನವೂ ಮಾಡಿದವರಲ್ಲ. ಮಾಡಿದರೆ ಕಾಯಿಲೆ ಇದೆ ಎಂದು ಒಪ್ಪಿಕೊಂಡಂತಾಗುತ್ತದಲ್ಲ. ಡಾಕ್ಟರಿಗೆ ಹೇಳಲಿಲ್ಲ, ಬದುಕಿದ್ದಾಗ ಗಂಡನಿಗೂ ಹೇಳಲಿಲ್ಲ.

ಅಂಥವರ ಬಳಿ, ನನ್ನ ಥೀಸಿಸ್‌ಗೆ ನೀವೇ ಗೈಡ್ ಆಗಬೇಕು ಎಂದು ಬಂದು ನಿಂತವಳು ಮಾಹಿರಾ. ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದ ಗುಂಡ್ಲುಪೇಟೆಯ ಹುಡುಗಿ. ಅವಳಪ್ಪ ಯೂನುಸ್ ಅಲ್ಲಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಹೆಂಗಸರ ರವಿಕೆ ಹೊಲಿಯುವ ಟೈಲರ್. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಸುತ್ತಲ ಹಳ್ಳಿಗಳ ಹೆಂಗಸರು ರವಿಕೆಗೆ ಅಳತೆ ಕೊಡುತ್ತ ಆಡಿಕೊಂಡ ಸೊಸೆಯ ದೂರು, ಸೊಂಟದ ನೋವು ಎಲ್ಲವನ್ನೂ ಹೊಲಿಗೆ ಮಿಷನ್ನಿನ ಕೆಳಗೆ ಕೂತು ಕೇಳುತ್ತ ಬೆಳೆದವಳು. ಹೆತ್ತ ಹೆಂಗಸರಲ್ಲಿ ಮೂತ್ರ ಸೋರುವುದು ಎಷ್ಟು ಜನರಿಗಿದೆ ಎಂದು ಪ್ರಶ್ನಾವಳಿ ಹಿಡಿದು ಹಳ್ಳಿಯಲ್ಲಿ ಕೇಳಬೇಕು, ಇದ್ದವರಿಗೆ ವ್ಯಾಯಾಮ ಕಲಿಸಬೇಕು, ಇದು ಅವಳು ಆರಿಸಿಕೊಂಡು ಬಂದ ವಿಷಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಮಹಾಲಕ್ಷ್ಮಮ್ಮನ ಕೈ ಸೆರಗು ಎಳೆದುಕೊಂಡಿತು. ಬೇಡ ಎನ್ನೋಣವೆಂದರೆ ಯಾಕೆ ಎಂದು ಕೇಳುವ ಜಾತಿಯ ಹುಡುಗಿ. ಆಗಲಿ ಎಂದರು.

ಪ್ರಶ್ನಾವಳಿ ಕಟ್ಟುವುದರಲ್ಲಿ ಮ್ಯಾಡಮ್ ಎತ್ತಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಎರಡು ಪ್ರಶ್ನೆ ತುರುಕಬಾರದು. ಉತ್ತರವನ್ನು ಪ್ರಶ್ನೆಯ ಬಾಯಿಗೇ ಇಡಬಾರದು. ವಯಸ್ಸು, ಮಕ್ಕಳು, ಕೆಲಸ ಕೇಳಿ ಮಾತು ಹದಕ್ಕೆ ಬಂದ ಮೇಲೆ ನಾಚಿಕೆಯ ಪ್ರಶ್ನೆಗೆ ಕೈ ಹಾಕಬೇಕು. ಇದೆಲ್ಲ ಅವರು ಹೇಳಿಕೊಟ್ಟಿದ್ದೇ. ಬೇರೆ ದೇಶಗಳಲ್ಲಿ ಬಳಸಿ ನೋಡಿದ ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡ ಮಾಡಿಸಿದರು. ಮೂಲವನ್ನು ನೋಡದ ಇನ್ನೊಬ್ಬರಿಂದ ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿದರು. ಎಲ್ಲದರ ತಿರುಳೂ ಆರನೇ ಪ್ರಶ್ನೆಯಲ್ಲಿತ್ತು: "ಕಳೆದ ನಾಲ್ಕು ವಾರಗಳಲ್ಲಿ ಕೆಮ್ಮುವಾಗ ತಮಗೆ ಅನೈಚ್ಛಿಕ ಮೂತ್ರ ವಿಸರ್ಜನೆಯಾಗಿದೆಯೇ?" ಇಂಗ್ಲಿಷಿಗೆ ಹೋಗಿ ವಾಪಸ್ಸು ಬಂದರೂ ಅದರ ಒಂದು ಕೂದಲೂ ಕೊಂಕಿರಲಿಲ್ಲ. ಅದನ್ನು ಕೇಳಬೇಕಾದ ಹಳ್ಳಿ ಭೀಮನಬೀಡಿಗೆ ಮಾತ್ರ ಇನ್ನೂ ಹೋಗಿರಲಿಲ್ಲ.

"ಇದು ಅಲ್ಲಿ ಯಾರಿಗೂ ಅರ್ಥ ಆಗಲ್ಲ ಮ್ಯಾಡಮ್," ಎಂದಿದ್ದಳು ಮಾಹಿರಾ.

"ನಿನಗೆ ಅರ್ಥ ಆಯ್ತಲ್ಲ."

"ನಾನು ಓದಿದೀನಿ."

"ಮತ್ತೆ ಅದಕ್ಕೇ ನಿನ್ನ ಕಳಿಸ್ತಿರೋದು," ಎಂದು ಮ್ಯಾಡಮ್ ಮಾತು ಮುಗಿಸಿದ್ದರು.

ಭೀಮನಬೀಡು ಅವರ ತವರು. ಅಣ್ಣನ ಹೆಂಡತಿ ಸಣ್ಣತಾಯಮ್ಮನಿಗೆ ಫೋನು ಮಾಡಿ, ನಮ್ಮ ಕಾಲೇಜಿನ ಹುಡುಗಿ ಬರ್ತಾಳೆ, ನಾಲ್ಕು ಜನರನ್ನು ಸೇರಿಸಿಕೊಡಿ ಎಂದರು. ಪ್ರಶ್ನಾವಳಿಯ ಮೊದಲ ಪರೀಕ್ಷೆಗೆ ಹೋದ ಮಾಹಿರಾ ಸಂಜೆಗೆ ಬಂದವಳೇ ಕಾಗದದ ಕಟ್ಟನ್ನು ಮೇಜಿನ ಮೇಲೆ ಇಟ್ಟಳು. ಆರನೇ ಪ್ರಶ್ನೆಗೆ ಎಲ್ಲರದೂ ಇಲ್ಲ.

"ಇಲ್ಲ ಅಂದಿದ್ದಷ್ಟೇ ಅಲ್ಲ ಮ್ಯಾಡಮ್. ಎದ್ದು ಹೋಗಿ ಮನೆ ಕಕ್ಕಸು ತೋರಿಸಿದ್ರು. ಒಬ್ಬರು ಅದರ ಮುಂದೆ ನಿಂತ್ಕೊಂಡು ಫೋಟೊ ತಕ್ಕೊ ಅಂದ್ರು."

ಆದದ್ದಿಷ್ಟು. ಊರ ಸ್ಕೂಲಿನ ಕಾಂಪೌಂಡಿನ ಮೇಲೆ 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು, ಮಾಡಿದರೆ ದಂಡ' ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಆ ಎರಡು ಪದಗಳಿಗೆ ಭೀಮನಬೀಡಿನಲ್ಲಿ ಆ ಗೋಡೆ ಬಿಟ್ಟರೆ ಬೇರೆ ಮನೆಯೇ ಇರಲಿಲ್ಲ. ಬಾಯಲ್ಲಿ ಆಡಿದವರು ಒಬ್ಬರೂ ಇಲ್ಲ. ಬ್ಯಾಗು ಹಾಕಿಕೊಂಡು ಬಂದ ಹುಡುಗಿಯೊಬ್ಬಳು ಕಾಗದ ನೋಡಿಕೊಂಡು ಮೂತ್ರ ವಿಸರ್ಜನೆ ಎಂದ ಕೂಡಲೇ, ಬಯಲಿಗೆ ಹೋಗುವವರನ್ನು ಹಿಡಿಯಲು ಬಂದವಳು ಇವಳು ಎಂದು ಊರಿಗೆ ಊರೇ ತೀರ್ಮಾನ ಮಾಡಿತ್ತು. ಕೆಮ್ಮಿನ ಮಾತು ಯಾಕೆ ಬಂತೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸರ್ಕಾರದವರ ಪ್ರಶ್ನೆಯಲ್ಲಿ ಎಲ್ಲವೂ ಅರ್ಥವಾಗಬೇಕೆಂಬ ಆಸೆ ಅವರಿಗೆ ಯಾವತ್ತೂ ಇದ್ದದ್ದಲ್ಲ.

ಮಹಾಲಕ್ಷ್ಮಮ್ಮ ಕಟ್ಟನ್ನು ತಿರುವಿ ನೋಡಿದರು. ಇಲ್ಲ, ಇಲ್ಲ, ಇಲ್ಲ. ಒಳಗೆಲ್ಲೋ ಹಾಯೆನಿಸಿತು. "ಇಲ್ಲ ಅಂದರೆ ಇಲ್ಲ ಅಂತಲೇ ಬರಿ. ಕಾಯಿಲೆ ಇಲ್ಲ ಅನ್ನೋದೂ ಒಂದು ಫಲಿತಾಂಶವೇ."

"ಸುಳ್ಳು ಫಲಿತಾಂಶ. ನಾನು ಬರೆಯಲ್ಲ ಮ್ಯಾಡಮ್."

"ಸುಳ್ಳು ಅಂತ ಹೇಗೆ ಹೇಳ್ತೀಯ?"

"ನೀವೇ ಬಂದು ಒಂದ್ಸಲ ಕೇಳಿ ನೋಡಿ. ನಿಮ್ಮ ಊರು."

ಸುಳ್ಳು ಎಂದು ಮಹಾಲಕ್ಷ್ಮಮ್ಮನಿಗಿಂತ ಚೆನ್ನಾಗಿ ಬಲ್ಲವರು ಇನ್ಯಾರಿದ್ದರು. ಆದರೂ ಹಟಕ್ಕೆ ಬಿದ್ದು ಮಾಹಿರಾಳನ್ನು ಕಾರಿಗೆ ಹತ್ತಿಸಿಕೊಂಡು ಹೊರಟರು. ಚಿಕ್ಕ ಹುಡುಗಿಯ ಸವಾಲಿಗೆ ಹಿಂದೆಗೆದರೆ ಅವರು ಮಹಾಲಕ್ಷ್ಮಮ್ಮ ಹೇಗಾದಾರು.

ಚೆಂಡುಹೂವಿನ ಕಾಲ. ಗುಂಡ್ಲುಪೇಟೆ ದಾಟಿದ ಮೇಲೆ ರಸ್ತೆಯ ಎರಡು ಕಡೆಯೂ ಹಳದಿ, ಕೇರಳದ ಕಾರುಗಳು ಸಾಲಾಗಿ ನಿಂತು ಅದರಲ್ಲಿದ್ದವರೆಲ್ಲ ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೂ ಕೀಳುವ ಹೆಂಗಸರು ಯಾರ ಫೋಟೊದಲ್ಲೂ ಬೀಳದಂತೆ ಬಗ್ಗಿಕೊಂಡು ಸಾಗುತ್ತಿದ್ದರು. ಮಧ್ಯಾಹ್ನದ ಊಟ ಮುಗಿಸಿ ಅವರು ಹುಣಸೆ ಮರದಡಿ ಖಾಲಿ ಚೀಲ ಹಾಸಿಕೊಂಡು ಕೂತಾಗ ಮ್ಯಾಡಮ್ ಕನ್ನಡಕ ಏರಿಸಿ, ಕ್ಲಾಸಿನ ಗಂಟಲಲ್ಲಿ ಆರನೇ ಪ್ರಶ್ನೆ ಓದಿದರು.

"ಅದೇನ್ ಮಾಲಕ್ಷ್ಮಿ, ನೀನೂ ಅದ್ನೇ ಕೇಳಕ ಬಂದುಟ್ಯಾ," ಎಂದಳು ಸಣ್ಣತಾಯಮ್ಮ. "ನಮ್ಮನೇಲಿ ಯಾರೂ ಬಯ್ಲಿಗ ಓಗಲ್ಲ ಕಣ. ನಿಮ್ಮಣ್ಣ ಒಬ್ರು ಬೇಲಿ ಸಂದಿಗ ನಿಂತ್ಕತಾರ. ಬೇಕಾದ್ರ ಅವರ ಎಸ್ರು ಬರ್ಕೊ, ದಂಡ ಕಟ್ಲಿ."

ಮ್ಯಾಡಮ್ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಓದಿದರು. ಮಾಹಿರಾ ಚೀಲದ ಅಂಚಿಗೆ ಕುಕ್ಕರಗಾಲಲ್ಲಿ ಕೂತಳು. "ಅದಲ್ಲ ಕಣವ್ವ. ಹೋದ ಅಮಾಸೆಯಿಂದ ಈಚ್ಗ, ಕೆಮ್ಮುದ್ರ ಉಚ್ಚೆ ಸೋರ್ತದಾ ಅಂತ."

ಮರದ ಬೊಡ್ಡೆಗೊರಗಿ ಎಲೆಯಡಿಕೆ ಹಾಕುತ್ತಿದ್ದ ಗುರುಮಲ್ಲಮ್ಮ ಕಿಸಕ್ಕೆಂದಳು. ಪಕ್ಕದವಳು ಅವಳ ತೊಡೆಗೆ ಗುದ್ದಿದಳು. ಅಷ್ಟೇ ಸಾಕಾಯಿತು, ಇಡೀ ಮರದಡಿ ನಗೆ ಹತ್ತಿಕೊಂಡಿತು.

"ಕೆಮ್ಮದ್ಯಾಕಮ್ಮಿ," ಎಂದಳು ಗುರುಮಲ್ಲಮ್ಮ ಕಣ್ಣೊರೆಸಿಕೊಳ್ಳುತ್ತ. "ಈಗ ನಕ್ಕುದ್ಕೇ ಸೋರ್ಬುಡ್ತು."

ಆಮೇಲೆ ಒಬ್ಬೊಬ್ಬರದೂ ಹೊರಬಂತು. ಹೂವಿನ ಚೀಲ ತಲೆಗೆತ್ತಿಕೊಂಡರೆ ಸೋರುತ್ತದೆ. ಟೆಂಪೊ ಹಳ್ಳಕ್ಕೆ ಬಿದ್ದರೆ ಸೋರುತ್ತದೆ. ಒಬ್ಬಳಿಗೆ ಮೂರನೇ ಮಗು ಆದ ಮೇಲೆ, ಇನ್ನೊಬ್ಬಳಿಗೆ ಮೊದಲನೆಯದಕ್ಕೇ. ಮಾಹಿರಾ ಬರೆದುಕೊಳ್ಳುತ್ತಲೇ ಇದ್ದಳು. ನಗು ಇಳಿದ ಮೇಲೆ ಗುರುಮಲ್ಲಮ್ಮ ಕೇಳಿದಳು, "ಇದ್ಕೂ ಮದ್ದದಾ?"

"ಅದೆ ಅವ್ವ. ಮಾತ್ರೆ ಗೀತ್ರೆ ಏನೂ ಬ್ಯಾಡ, ದಿನಾ ಮಾಡೋ ವ್ಯಾಯಾಮ. ನಾನು ಹೇಳ್ಕೊಡ್ತೀನಿ. ಮಾಡ್ತಾ ಮಾಡ್ತಾ ಕಮ್ಮಿ ಆಯ್ತದೆ."

"ಹೆತ್ತೋರ್ಗೆಲ್ಲ ಇದ್ದುದ್ದೇಯ ಅಂದ್ಕಂಡಿದ್ದೊ ಕಣಮ್ಮಿ. ನಮ್ಮ ಪುಟ್ಟಿ ಮದ್ವೇಲಿ ನಾನು ಧಾರೆಗೇ ನಿಂತ್ಕಳಿಲ್ಲ. ಎಲ್ಲಿ ಅಕ್ಷತೆ ಹೊತ್ಗ ಸೀರೆ ಒದ್ದೆ ಆಗಿ ಮೈಲಿಗೆ ಆಯ್ತದೋ ಅಂತ. ತಲೆನೋವು ಅಂದ್ಬುಟ್ಟು ಒಳಗ ಮಲಿಕಂಡಿ. ನನ್ ತಂಗಿ ನಿಂತು ಎರುದ್ಲು." ಅವಳು ಎಲೆಯ ನಾರು ತೆಗೆಯುತ್ತ ಕೂತಳು. "ಮದ್ದದ ಅಂತ ಗೊತ್ತಿದ್ರ ನಿಂತ್ಕತಿದ್ದಿ."

ನಗೆ ಹತ್ತಿಕೊಂಡಾಗಲೇ ಮಹಾಲಕ್ಷ್ಮಮ್ಮನೂ ನಕ್ಕುಬಿಟ್ಟಿದ್ದರು, ವರ್ಷಗಳ ಬಿಗಿಯೆಲ್ಲ ತಪ್ಪಿ. ಫಲ ಕೂಡಲೇ ಸಿಕ್ಕಿತ್ತು. ಅವರು ಮೆಲ್ಲಗೆ ಎದ್ದು, ಬ್ಯಾಗನ್ನು ಹಿಂದಕ್ಕೆ ಹಿಡಿದುಕೊಂಡು ಕಾರಿನ ಕಡೆ ಹೆಜ್ಜೆ ಹಾಕಿದರು. ಆ ನಡಿಗೆಯನ್ನು ಕಂಡ ಸಣ್ಣತಾಯಮ್ಮ ಹಿಂದೆಯೇ ಬಂದಳು.

"ಮಾಲಕ್ಷ್ಮಿ, ನಿಂಗೂವಾ?"

"ನನಗೇನೂ ಇಲ್ಲ ಅತ್ತಿಗೆ. ಬಿಸಿಲು ಹೆಚ್ಚಾಯಿತು," ಎಂದರು ಮಹಾಲಕ್ಷ್ಮಮ್ಮ, ಚೊಕ್ಕ ಪುಸ್ತಕದ ಕನ್ನಡದಲ್ಲಿ. ಸಣ್ಣತಾಯಮ್ಮ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಅವರಿಗೆ ಅಷ್ಟು ಉರಿಯುತ್ತಿರಲಿಲ್ಲ.

ಆ ಉರಿಯೆಲ್ಲ ಹೋಗಿ ಬಿದ್ದದ್ದು ಪದದ ಮೇಲೆ. ಮಾಹಿರಾ ಆರನೇ ಪ್ರಶ್ನೆಯನ್ನು ಹೊಸದಾಗಿ ಬರೆದು ತಂದಳು: "ಹೋದ ಅಮಾವಾಸ್ಯೆಯಿಂದ ಈಚೆಗೆ ಕೆಮ್ಮಿದಾಗ ಉಚ್ಚೆ ಸೋರಿದೆಯಾ?" ಮ್ಯಾಡಮ್ ಅದರ ಮೇಲೆ ಗೀಟು ಎಳೆದರು. ಮಾರನೆಯ ದಿನ ಅದೇ ಪ್ರಶ್ನೆ ಅದೇ ಜಾಗದಲ್ಲಿತ್ತು. ಮತ್ತೆ ಎಳೆದರು. ಮತ್ತೆ ಬಂತು. ವಿಶ್ವವಿದ್ಯಾಲಯಕ್ಕೆ ಹೋಗುವ ಕಾಗದ, ನಾಳೆ ಪುಸ್ತಕವಾಗಿ ಲೈಬ್ರರಿಯಲ್ಲಿ ಕೂರುವುದು, ಅದರಲ್ಲಿ ಗೈಡ್ ಎಂದು ನನ್ನ ಹೆಸರಿರುತ್ತದೆ ಎಂದು ಗದರಿದರು. ಹೇಳದೆ ಬಿಟ್ಟ ಮಾತು ಬೇರೆಯೇ ಇತ್ತು. ಅನೈಚ್ಛಿಕ ಮೂತ್ರ ವಿಸರ್ಜನೆ ಎಂದು ಕೇಳಿದರೆ ಅವರೂ ಇಲ್ಲ ಎಂದುಬಿಡಬಹುದಿತ್ತು, ಅದು ಯಾರದೋ ಕಾಯಿಲೆ. ಈ ಪ್ರಶ್ನೆ ಮಾತ್ರ ಹೆಸರು ಹಿಡಿದು ಕೂಗಿದಂತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವ ಆಟ ಇನ್ನು ಸಾಗದು.

"ನೀವು ಗೀಟು ಹಾಕಿ ಮ್ಯಾಡಮ್, ನಾನು ಬರೀತಾ ಇರ್ತೀನಿ," ಎಂದಳು ಮಾಹಿರಾ. ದನಿ ಏರಿಸಲಿಲ್ಲ. "ನೀವು ಸೈನ್ ಹಾಕದಿದ್ರೂ ಕಮಿಟಿ ಮುಂದೆ ಇದನ್ನೇ ಓದ್ತೀನಿ. ಮಗಳ ಧಾರೆಗೆ ನಿಲ್ಲದೆ ಒಳಗೆ ಮಲಗಿದ ತಾಯಿ ಮುಂದೆ ಹೋಗಿ ನಾನು ವಿಸರ್ಜನೆ ಅನ್ನಲ್ಲ."

"ಕಮಿಟಿ ತಿರಸ್ಕರಿಸಿದರೆ ಒಂದು ವರ್ಷ ಹೋಗುತ್ತೆ. ನಿಮ್ಮಪ್ಪ ಹೊಲಿದು ಹೊಲಿದು ಕಣ್ಣು ಮಬ್ಬು ಮಾಡ್ಕೊಂಡು ಓದಿಸ್ತಿರೋದು ಇದಕ್ಕಾ?"

"ನಮ್ಮ ಅಬ್ಬಾಗೆ ಹೇಳಿದೀನಿ. ಅಳತೆ ತಪ್ಪಾದ್ರೆ ಬಟ್ಟೆ ಬೈದು ಪ್ರಯೋಜನ ಇಲ್ಲ, ಅಳತೆ ಮತ್ತೆ ತಕ್ಕೊ ಅಂದ್ರು."

ಮ್ಯಾಡಮ್ ಸಹಿ ಹಾಕಿದರು. ಹಾಕಿ, ಅದರ ಪಕ್ಕದಲ್ಲಿ 'ಪದಬಳಕೆ ಕಮಿಟಿಯ ತೀರ್ಮಾನಕ್ಕೆ ಬಿಟ್ಟಿದ್ದು' ಎಂದು ಬರೆದರು. ಕೋಲೂ ಮುರಿಯಬಾರದು, ಹಾವೂ ಸಾಯಬೇಕು. ಆ ರಾತ್ರಿಯೆಲ್ಲ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಸಂಶೋಧನೆ ಯಾರಿಗೂ ಕೇಡು ಮಾಡದಂತೆ ನೋಡಿಕೊಳ್ಳುವ ಎಥಿಕಲ್ ಕಮಿಟಿ ಅದು. ಅಧ್ಯಕ್ಷರು ಒಬ್ಬ ಡಾಕ್ಟರು, ಕಾಲೇಜಿನ ಕೆಲವರು, ಹೊರಗಿನ ಸದಸ್ಯರಾಗಿ ನೀಲಕಂಠಸ್ವಾಮಿ. ಇವರು ನಿವೃತ್ತ ಕನ್ನಡ ಉಪನ್ಯಾಸಕರು, ಮದುವೆಯ ಕರೆಯೋಲೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದರೆ ಮದುವೆಗೇ ಹೋಗದವರು. ಗೈಡ್ ಮ್ಯಾಡಮ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಮಾಹಿರಾ ನಿಂತು ಒಂದೊಂದೇ ಪ್ರಶ್ನೆ ಓದಿದಳು. ಆರನೆಯದಕ್ಕೆ ಡಾಕ್ಟರು ಫ್ಯಾನ್ ನೋಡತೊಡಗಿದರು. ನೀಲಕಂಠಸ್ವಾಮಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಬೀದಿಯ ಪದ. ಪ್ರಶ್ನಾವಳಿಗೆ ಒಂದು ಸಭ್ಯತೆ ಬೇಡವೇ?"

"ಸಭ್ಯತೆ ಇರೋ ಪದ ಕೇಳಿ ನೋಡಿದೆ ಸಾರ್. ಕಕ್ಕಸು ತೋರಿಸಿದ್ರು," ಎಂದಳು ಮಾಹಿರಾ. ಯಾರೋ ಕೆಮ್ಮಿ ನಗು ಮುಚ್ಚಿಕೊಂಡರು.

ನೀಲಕಂಠಸ್ವಾಮಿ ನಗಲಿಲ್ಲ. ದನಿಯಲ್ಲಿ ಕರುಣೆ ಬೆರೆಸಿಕೊಂಡರು. "ಪಾಪ, ನಿನ್ನ ತಪ್ಪೇನಿಲ್ಲಮ್ಮ. ನಿಮ್ಮ ಮನೆಯ ಭಾಷೆ ಕನ್ನಡವಲ್ಲವಲ್ಲ. ಯಾವ ಪದ ಎಲ್ಲಿಗೆ ಎನ್ನುವುದು ತಾಯಿಯ ಹಾಲಿನ ಜೊತೆ ಬರಬೇಕು."

ಮಹಾಲಕ್ಷ್ಮಮ್ಮ ಮಾಹಿರಾಳ ಮುಖ ನೋಡಿದರು. ಕಾಗದ ಹಿಡಿದ ಕೈ ಕೆಳಗಿಳಿದಿರಲಿಲ್ಲ. ತಾಯಿಯ ಹಾಲಿನ ಜೊತೆ ಬಂದ ಪದವನ್ನು ಗೀಟು ಎಳೆದೆಳೆದು ಹೊಡೆದು ಹಾಕಿದವರು ಯಾರು, ಅದಕ್ಕಾಗಿ ಬೈಸಿಕೊಳ್ಳುತ್ತಿರುವವಳು ಯಾರು.

"ಅಧ್ಯಕ್ಷರೇ," ನೀಲಕಂಠಸ್ವಾಮಿ ಮುಂದುವರಿಸಿದರು, "ಮರ್ಯಾದಸ್ಥ ಹೆಂಗಸು ಯಾರಾದರೂ ಇಂಥ ಪ್ರಶ್ನೆಗೆ ಹೌದು ಎಂದಾಳೆಯೇ? ಒಬ್ಬಳನ್ನು ತೋರಿಸಲಿ, ನಾನೇ ಒಪ್ಪಿಗೆ ಕೊಡುತ್ತೇನೆ."

ಮಹಾಲಕ್ಷ್ಮಮ್ಮ ಎದ್ದು ನಿಂತರು.

"ಅದು ಅವಳ ಮನೆ ಪದ ಅಲ್ಲ ಸಾರ್, ನಮ್ಮನೇದು. ಭೀಮನಬೀಡಲ್ಲಿ ನಮ್ಮವ್ವ ನನಗೆ ಉಚ್ಚೆ ಅಂತಲೇ ಕಲಿಸಿದ್ದು. ಅವಳಿಗೂ ಈ ಕಾಟ ಇತ್ತೋ ಏನೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ, ಸತ್ತೂ ಹೋದಳು." ಅವರು ತಿರುಗಿದರು. "ಮಾಹಿರಾ, ಆರನೇದು ಓದು."

ಮಾಹಿರಾ ಅವರನ್ನೇ ನೋಡಿದಳು. ಆಮೇಲೆ ಓದಿದಳು, "ಹೋದ ಅಮಾವಾಸ್ಯೆಯಿಂದ ಈಚೆಗೆ ಕೆಮ್ಮಿದಾಗ ಉಚ್ಚೆ ಸೋರಿದೆಯಾ?"

"ಹೂಂ, ಸೋರ್ಯದೆ. ಕೆಮ್ಮುದ್ರೂ ಸೋರ್ತದೆ, ನಕ್ಕುದ್ರೂ ಸೋರ್ತದೆ. ಮಗ ಹುಟ್ಟಿದಾಗಿಂದ ಸೋರ್ತಾ ಅದೆ." ಅವರು ನೀಲಕಂಠಸ್ವಾಮಿಯವರ ಕಡೆ ತಿರುಗಿದರು. "ಮರ್ಯಾದಸ್ಥ ಹೆಂಗಸು ಒಬ್ಬಳನ್ನ ತೋರ್ಸಿ ಅಂದ್ರಲ್ಲ ಸಾರ್. ಸರಿಯಾಗಿ ನೋಡ್ಕಳಿ."

ನೀಲಕಂಠಸ್ವಾಮಿ ಕನ್ನಡಕಕ್ಕೆ ಕೈ ಚಾಚಿದವರು ಹಾಗೆಯೇ ಉಳಿದರು. ಡಾಕ್ಟರು ಮೆಲ್ಲಗೆ, "ಮ್ಯಾಡಮ್, ಕೂತ್ಕೊಳ್ಳಿ, ಸಾಕು," ಎಂದರು.

"ಪ್ರಶ್ನಾವಳಿ ಅರ್ಧಕ್ಕೆ ನಿಲ್ಲಿಸಬಾರದು ಡಾಕ್ಟ್ರೇ. ಉತ್ತರ ಕೊಡೋರು ಸಾಕು ಅನ್ನಬೇಕು," ಎಂದರು ಮಹಾಲಕ್ಷ್ಮಮ್ಮ. "ಏಳನೇದು ಕೇಳಮ್ಮಿ."

ಮಾಹಿರಾ ಪೆನ್ನು ತೆಗೆದುಕೊಂಡಳು. "ಈ ತೊಂದರೆಯನ್ನ ಇದುವರೆಗೆ ಯಾರಿಗಾದರೂ ಹೇಳಿದ್ದೀರಾ?"

"ಈಗ ಹೇಳ್ದೆ. ಬರ್ಕೊ."